ಲ್ಯಾಪ್‌ಟಾಪಿನ ರಿಕವರಿ ವಿಭಾಗ: ಉಳಿಸಬೇಕೆ, ಅಳಿಸಬೇಕೆ?

ಹೊಸ ಲ್ಯಾಪ್‌ಟಾಪ್ ಕೊಂಡ ಕೆಲವು ತಿಂಗಳಲ್ಲೇ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಿದರೆ ಸಿ ಡ್ರೈವ್‌ನ ಪಕ್ಕದಲ್ಲಿ ಇನ್ನೊಂದು ವಿಭಾಗ ಕಾಣುತ್ತದೆ. ಅದಕ್ಕೆ ಡ್ರೈವ್ ಅಕ್ಷರವಿಲ್ಲ. ಒಳಗೇನಿದೆ ಎಂದು ತೋರಿಸುವುದೂ ಇಲ್ಲ. ಹಲವು ಯಂತ್ರಗಳಲ್ಲಿ ಅದು ಹತ್ತರಿಂದ ಇಪ್ಪತ್ತು ಗಿಗಾಬೈಟ್ ಜಾಗವನ್ನು ಹಿಡಿದು ಕುಳಿತಿರುತ್ತದೆ. ಹೆಸರು ‘ರಿಕವರಿ ಪಾರ್ಟಿಷನ್’. ಇದನ್ನು ತೆಗೆದುಹಾಕಬಹುದೆ?

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಚಲಾವಣೆಯಲ್ಲಿವೆ. ‘ಧಾರಾಳವಾಗಿ ತೆಗೆಯಿರಿ, ದಂಡದ ಜಾಗ’ ಎನ್ನುವುದು ಒಂದು. ‘ಏನೇ ಆದರೂ ಮುಟ್ಟಬೇಡಿ’ ಎನ್ನುವುದು ಇನ್ನೊಂದು. ಗಣಕ ರಿಪೇರಿ ಅಂಗಡಿಯವರು ಮೊದಲನೆಯದನ್ನೂ, ತಯಾರಕರ ಕೈಪಿಡಿಗಳು ಎರಡನೆಯದನ್ನೂ ಹೇಳುತ್ತವೆ. ಇಬ್ಬರೂ ಕಾರಣವನ್ನು ಹೇಳುವುದಿಲ್ಲ. ಕಾರಣವಿಲ್ಲದ ಉತ್ತರ ವಿಜ್ಞಾನದ ವಿದ್ಯಾರ್ಥಿಗೆ ಉತ್ತರವೇ ಅಲ್ಲ. ಆದ್ದರಿಂದ ಈ ವ್ಯವಸ್ಥೆಯನ್ನು, ಅದರ ಬಗ್ಗೆ ಕೇಳಿಬರುವ ಮಾತುಗಳನ್ನು ಸ್ವಲ್ಪ ವಿಮರ್ಶಿಸಿ ನೋಡೋಣ.

ಮೊದಲು ಹೆಸರಿನಿಂದಲೇ ಆರಂಭಿಸಬೇಕು, ಏಕೆಂದರೆ ತೊಂದರೆ ಇರುವುದೇ ಅಲ್ಲಿ. ‘ರಿಕವರಿ’ ಎಂದರೆ ಕಳೆದುಹೋದುದನ್ನು ಮರಳಿ ಪಡೆಯುವುದು ಎಂದು ಯಾರಾದರೂ ಅರ್ಥಮಾಡಿಕೊಳ್ಳುತ್ತಾರೆ. ಆದರೆ ತಯಾರಕರು ಇಟ್ಟ ಈ ವಿಭಾಗ ಮರಳಿ ಕೊಡುವುದು ಲ್ಯಾಪ್‌ಟಾಪು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯನ್ನು. ನೀವು ಅದರಲ್ಲಿ ಬರೆದ, ಸಂಗ್ರಹಿಸಿದ ಯಾವುದೂ ಆ ಸ್ಥಿತಿಯ ಭಾಗವಲ್ಲ. ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪು ಒಮ್ಮೆ ಆರಂಭವಾಗದೆ ನಿಂತಿತು. ಅದರಲ್ಲಿ ಗಾಮಾ ಕಿರಣ ರೋಹಿತಮಾಪಕದಿಂದ ನಾಲ್ಕು ತಿಂಗಳು ಕೂಡಿಸಿದ ಅಳತೆಗಳಿದ್ದವು. ಪರದೆಯ ಮೇಲೆ ‘ರಿಕವರಿ’ ಎಂದು ಕಂಡದ್ದೇ ತಡ, ಕಡತಗಳು ಮರಳಿ ಬರುತ್ತವೆಂಬ ನಂಬಿಕೆಯಿಂದ ಅವನು ಅದನ್ನು ಒತ್ತಿದ. ನಡುವೆ ಬಂದ ಎಚ್ಚರಿಕೆಯನ್ನು ಹೆಸರಿನ ಮೇಲಿನ ಭರವಸೆಯಿಂದಲೇ ದಾಟಿದ. ಅರ್ಧ ಗಂಟೆಯಲ್ಲಿ ಯಂತ್ರ ಹೊಸದಾಯಿತು, ಅಳತೆಗಳು ಹೋದವು. ಪ್ರಯೋಗ ಪುಸ್ತಕದಲ್ಲಿ ಕೈಯಿಂದ ಬರೆದಿಟ್ಟಿದ್ದ ಅಂಕಿಗಳಷ್ಟೇ ಉಳಿದವು. ಮೂಲದಲ್ಲಿ ಕೆಟ್ಟಿದ್ದು ವಿಂಡೋಸ್ ಮಾತ್ರ. ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿದ್ದರೆ ಎಲ್ಲ ಕಡತಗಳನ್ನೂ ಓದಬಹುದಿತ್ತು. ಆ ಗುಂಡಿಗೆ ‘ಎಲ್ಲವನ್ನೂ ಅಳಿಸಿ ಹೊಸದಾಗಿಸು’ ಎಂದು ಹೆಸರಿಟ್ಟಿದ್ದರೆ ಆ ಹುಡುಗ ಒತ್ತುತ್ತಿರಲಿಲ್ಲ.

ಇನ್ನು ವಿಭಾಗ ಎಂದರೇನು? ಡಿಸ್ಕಿನಲ್ಲಿ ಗೋಡೆಯಂಥದೇನೂ ಇಲ್ಲ. ಇರುವುದು ಒಂದು ಕೋಷ್ಟಕ, ಅಷ್ಟೆ. ಹಳೆಯ ಪದ್ಧತಿಯಲ್ಲಿ, ಅಂದರೆ 1983ರಿಂದ ಬಳಕೆಯಲ್ಲಿದ್ದ ಎಂ.ಬಿ.ಆರ್. ವ್ಯವಸ್ಥೆಯಲ್ಲಿ, ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ 64 ಬೈಟ್ ಈ ಕೋಷ್ಟಕಕ್ಕೆ ಮೀಸಲು. ಒಂದು ನಮೂದಿಗೆ 16 ಬೈಟ್. ಆದ್ದರಿಂದ ನಾಲ್ಕೇ ಮುಖ್ಯ ವಿಭಾಗಗಳು. ವಿಭಾಗ ಎಲ್ಲಿ ಶುರು, ಎಷ್ಟು ಉದ್ದ, ಯಾವ ಬಗೆ ಎಂಬ ವಿವರಗಳು ಆ ನಮೂದಿನಲ್ಲಿರುತ್ತವೆ. ವಿಂಡೋಸ್‌ನ ಸಾಮಾನ್ಯ ವಿಭಾಗಕ್ಕೆ ಷೋಡಶಮಾನ ಪದ್ಧತಿಯಲ್ಲಿ 07 ಎಂಬ ಸಂಕೇತ. ಅದನ್ನೇ 27 ಎಂದು ಬರೆದರೆ ವಿಂಡೋಸ್ ಅದನ್ನು ಕಾಣದಂತೆ ಇಡುತ್ತದೆ. ರಿಕವರಿ ವಿಭಾಗದ ‘ಗುಪ್ತತೆ’ಯೆಲ್ಲ ಈ ಒಂದು ಬೈಟ್‌ನದು! ಈಗಿನ ಲ್ಯಾಪ್‌ಟಾಪುಗಳಲ್ಲಿ ಜಿ.ಪಿ.ಟಿ. ಎಂಬ ಹೊಸ ಕೋಷ್ಟಕವಿದೆ. ಅದರಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಜಾಗವಿದೆ, ಡಿಸ್ಕಿನ ಕೊನೆಯಲ್ಲಿ ಇನ್ನೊಂದು ಪ್ರತಿಯೂ ಇರುತ್ತದೆ.

ನಾಲ್ಕೇ ವಿಭಾಗಗಳೆಂಬ ಆ ಮಿತಿಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ವಿಂಡೋಸ್ 7 ಬಂದ 2009ರ ನಂತರದ ಕೆಲವು ವರ್ಷಗಳಲ್ಲಿ ಕೆಲವು ತಯಾರಕರು ನಾಲ್ಕೂ ನಮೂದುಗಳನ್ನು ತಾವೇ ತುಂಬಿ ಮಾರುತ್ತಿದ್ದರು: ಆರಂಭಕ್ಕೊಂದು, ಸಿ ಡ್ರೈವ್‌ಗೊಂದು, ರಿಕವರಿಗೊಂದು, ತಮ್ಮ ಪರೀಕ್ಷಾ ತಂತ್ರಾಂಶಕ್ಕೊಂದು. ಲಿನಕ್ಸ್ ಹಾಕಿಕೊಳ್ಳಬೇಕೆಂದ ವಿದ್ಯಾರ್ಥಿಗೆ ಐದನೆಯ ಜಾಗವೇ ಇರುತ್ತಿರಲಿಲ್ಲ. ಹೊಸ ವಿಭಾಗ ಮಾಡಹೊರಟರೆ ವಿಂಡೋಸ್ ಡಿಸ್ಕನ್ನು ‘ಡೈನಾಮಿಕ್’ ಆಗಿ ಪರಿವರ್ತಿಸುವುದಾಗಿ ಹೇಳುತ್ತಿತ್ತು. ಅದಕ್ಕೆ ಒಪ್ಪಿದವರು ಇನ್ನಷ್ಟು ಸಿಕ್ಕಿಬೀಳುತ್ತಿದ್ದರು. ರಿಕವರಿ ವಿಭಾಗವನ್ನು ತೆಗೆಯಿರಿ ಎಂಬ ಸಲಹೆ ಬೇರೂರಲು ಇದೂ ಒಂದು ಕಾರಣ. ಆ ಕಾಲಕ್ಕೆ ಅದು ಸರಿಯಾದ ಸಲಹೆಯೇ. ಜಿ.ಪಿ.ಟಿ. ಇರುವ ಯಂತ್ರದಲ್ಲಿ ಆ ಕಾರಣ ಇಲ್ಲವಾಗಿದೆ. ಸಲಹೆ ಮಾತ್ರ ಉಳಿದುಕೊಂಡಿದೆ.

ಜಾಗದ ಲೆಕ್ಕವನ್ನೂ ನೋಡೋಣ. 2004ರ ಸುಮಾರಿನ 40 ಗಿಗಾಬೈಟ್ ಡಿಸ್ಕಿನಲ್ಲಿ ರಿಕವರಿ ವಿಭಾಗ 4 ಗಿಗಾಬೈಟ್ ಹಿಡಿದರೆ ನೂರಕ್ಕೆ ಹತ್ತು ಹೋಯಿತು. 1000 ಗಿಗಾಬೈಟ್‌ನ ಡಿಸ್ಕಿನಲ್ಲಿ 15 ಗಿಗಾಬೈಟ್ ಎಂದರೆ ನೂರಕ್ಕೆ ಒಂದೂವರೆ. ಅದೇ 15 ಗಿಗಾಬೈಟ್ 128ರ ಎಸ್.ಎಸ್.ಡಿ.ಯಲ್ಲಿ ನೂರಕ್ಕೆ ಸುಮಾರು ಹನ್ನೆರಡು. ಆದ್ದರಿಂದ ‘ದಂಡದ ಜಾಗ’ ಎಂಬ ಮಾತು ಎಷ್ಟು ನಿಜ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಇಲ್ಲೇ ಇನ್ನೊಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. 500 ಗಿಗಾಬೈಟ್ ಎಂದು ಕೊಂಡ ಡಿಸ್ಕು ವಿಂಡೋಸ್‌ನಲ್ಲಿ 465 ಎಂದು ಕಾಣುತ್ತದೆ. ಉಳಿದ 35ನ್ನು ರಿಕವರಿ ವಿಭಾಗ ನುಂಗಿತು ಎಂದು ಹಲವರು ದೂರುತ್ತಾರೆ. ಹಾಗಲ್ಲ. ತಯಾರಕರು ಗಿಗಾ ಎಂದರೆ 10ರ ಒಂಬತ್ತನೆಯ ಘಾತ ಎಂದು ಎಣಿಸುತ್ತಾರೆ. ವಿಂಡೋಸ್ 2ರ ಮೂವತ್ತನೆಯ ಘಾತ, ಅಂದರೆ 107,37,41,824 ಎಂದು ಎಣಿಸುತ್ತದೆ. ಭಾಗಿಸಿ ನೋಡಿ, ನೂರಕ್ಕೆ ಸುಮಾರು ಏಳರ ವ್ಯತ್ಯಾಸ ಅಲ್ಲಿಯೇ ಸಿಗುತ್ತದೆ. ಇದನ್ನು ತರಗತಿಯಲ್ಲಿ ಲೆಕ್ಕವಾಗಿ ಕೊಡಬಹುದು.

ರಿಕವರಿ ವಿಭಾಗ ತೆಗೆದರೆ ಯಂತ್ರ ಚುರುಕಾಗುತ್ತದೆ ಎಂಬುದು ಮತ್ತೊಂದು ಮಾತು. ತಿರುಗುವ ಡಿಸ್ಕಿನಲ್ಲಿ ಇದಕ್ಕೊಂದು ಎಳೆಯಷ್ಟು ಆಧಾರವಿದೆ. ಡಿಸ್ಕಿನ ಕೋನವೇಗ ಸ್ಥಿರ. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90. ಹೊರಗಿನ ಪಥಗಳ ಪರಿಧಿ ಹೆಚ್ಚು, ಅವುಗಳಲ್ಲಿ ತುಂಬಿದ ದತ್ತಾಂಶವೂ ಹೆಚ್ಚು, ಆದ್ದರಿಂದ ಅಲ್ಲಿ ಓದುವ ವೇಗವೂ ಹೆಚ್ಚು. ಅತ್ಯಂತ ಹೊರಗಿನ ಪಥದ ವೇಗ ಅತ್ಯಂತ ಒಳಗಿನದರ ಹೆಚ್ಚುಕಡಿಮೆ ಎರಡರಷ್ಟು. ಡಿಸ್ಕಿನ ಆರಂಭವೆಂದರೆ ಹೊರ ಅಂಚು. ರಿಕವರಿ ವಿಭಾಗವನ್ನು ಆರಂಭದಲ್ಲಿ ಇಟ್ಟಿದ್ದರೆ ಸಿ ಡ್ರೈವ್ ಒಳಕ್ಕೆ ಸರಿಯುತ್ತದೆ. ಎಷ್ಟು? 500ರಲ್ಲಿ 15 ಎಂದರೆ ಬಳಕೆಯ ವಿಸ್ತೀರ್ಣದ ನೂರಕ್ಕೆ ಮೂರು. ಒಳ ತ್ರಿಜ್ಯ ಹೊರ ತ್ರಿಜ್ಯದ ಅರ್ಧವೆಂದು ಇಟ್ಟುಕೊಂಡು ವಿಸ್ತೀರ್ಣದ ಸೂತ್ರ ಹಾಕಿದರೆ ತ್ರಿಜ್ಯ ನೂರಕ್ಕೆ ಸುಮಾರು ಒಂದರಷ್ಟು ಕಡಿಮೆಯಾಗುತ್ತದೆ. ವೇಗದ ನಷ್ಟವೂ ಅಷ್ಟೇ. ಅದನ್ನು ಯಾವ ಬಳಕೆದಾರನೂ ಗುರುತಿಸಲಾರ. ವಿಭಾಗ ಡಿಸ್ಕಿನ ಕೊನೆಯಲ್ಲಿದ್ದರೆ ಆ ನಷ್ಟವೂ ಇಲ್ಲ. ಎಸ್.ಎಸ್.ಡಿ.ಯಲ್ಲಂತೂ ಒಳ ಹೊರ ಎಂಬುದೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಿಕವರಿ ವಿಭಾಗ ಒಂದು ಬಗೆಯ ವಿಮೆ. ಯಾವ ಅಪಾಯಕ್ಕೆ ವಿಮೆ ಎಂದು ಕೇಳಬೇಕು. ವೈರಸ್ ತಗುಲಿ ವಿಂಡೋಸ್ ಹಾಳಾಯಿತು, ಯಾವುದೋ ತಂತ್ರಾಂಶ ಹೊಂದದೆ ಯಂತ್ರ ನಿಂತಿತು: ಇಂಥ ಸಂದರ್ಭಗಳಲ್ಲಿ ಅದು ನಿಜಕ್ಕೂ ಉಪಕಾರಿ. ಆದರೆ ಡಿಸ್ಕೇ ಕೆಟ್ಟರೆ? ಮೂಲ ಮತ್ತು ಅದರ ಪ್ರತಿ ಎರಡೂ ಒಂದೇ ತಟ್ಟೆಯ ಮೇಲಿವೆ, ಒಂದೇ ಚಿಪ್ಪಿನಲ್ಲಿವೆ. ಮನೆಗೆ ಬೆಂಕಿ ಬಿದ್ದರೆ ಎಂದು ಮಾಡಿಸಿದ ವಿಮೆಯ ಕಾಗದವನ್ನು ಅದೇ ಮನೆಯ ಅಟ್ಟದ ಮೇಲೆ ಇಟ್ಟಂತೆ.

ಸಂಭವನೀಯತೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಡಿಸ್ಕು ವರ್ಷದಲ್ಲಿ ಕೆಡುವ ಸಂಭವ 0.02 ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟರೆ ಎರಡೂ ಕೆಡುವ ಸಂಭವ 0.02ರ ವರ್ಗ, ಅಂದರೆ ಹತ್ತು ಸಾವಿರದಲ್ಲಿ ನಾಲ್ಕು. ಒಂದೇ ಡಿಸ್ಕಿನಲ್ಲಿ ಇಟ್ಟರೆ ಅದು 0.02 ಆಗಿಯೇ ಉಳಿಯುತ್ತದೆ, ಅಂದರೆ ಹತ್ತು ಸಾವಿರದಲ್ಲಿ ಇನ್ನೂರು. ಘಟನೆಗಳು ಸ್ವತಂತ್ರವಾಗಿದ್ದರೆ ಮಾತ್ರ ಸಂಭವಗಳನ್ನು ಗುಣಿಸಬಹುದು ಎಂದು ನಾವು ಪಾಠ ಮಾಡುತ್ತೇವಲ್ಲ, ಆ ಷರತ್ತು ಇಲ್ಲಿ ಇಲ್ಲ. ಹಿಂದೆ ಗಣಕದ ಜೊತೆ ಬರುತ್ತಿದ್ದ ಸಿ.ಡಿ. ಆ ಷರತ್ತನ್ನು ಪೂರೈಸುತ್ತಿತ್ತು. ಸಿ.ಡಿ.ಯನ್ನು ಕೈಬಿಟ್ಟು ಅದರಲ್ಲಿದ್ದುದನ್ನು ಡಿಸ್ಕಿಗೇ ತುಂಬಿದಾಗ ಉಳಿತಾಯವಾದದ್ದು ತಯಾರಕರಿಗೆ. ಕೊಂಡವನು ತಾನು ದುಡ್ಡು ಕೊಟ್ಟ ಜಾಗವನ್ನು ಬಿಟ್ಟುಕೊಟ್ಟ, ಜೊತೆಗೆ ಸ್ವತಂತ್ರ ಪ್ರತಿಯನ್ನೂ ಕಳೆದುಕೊಂಡ. ‘ಕೂಡಲೇ ರಿಕವರಿ ಡಿಸ್ಕ್ ಮಾಡಿಕೊಳ್ಳಿ’ ಎಂಬ ಸಾಲು ಕೈಪಿಡಿಯಲ್ಲಿ ಎಲ್ಲೋ ಇರುತ್ತಿತ್ತು. ಕೆಲವು ತಯಾರಕರ ತಂತ್ರಾಂಶವಂತೂ ಆ ಪ್ರತಿಯನ್ನು ಒಂದೇ ಬಾರಿ ಮಾಡಿಕೊಳ್ಳಲು ಬಿಡುತ್ತಿತ್ತು. ಕೊಂಡವನ ಹಕ್ಕನ್ನು ಹೀಗೆ ಅಳೆದು ಕೊಡುವುದು ನನಗೆ ಎಂದೂ ಸರಿಯೆನಿಸಿಲ್ಲ.

ಹಾಗಾದರೆ ಅಳಿಸಿಬಿಡುವುದೇ? ಅಲ್ಲಿರುವುದರಲ್ಲಿ ಬೇರೆಡೆ ಸುಲಭವಾಗಿ ಸಿಗದ್ದು ಯಾವುದು ಎಂಬುದನ್ನು ಮೊದಲು ನೋಡಬೇಕು. ವಿಂಡೋಸ್ ಸ್ವತಃ ಈಗ ದುರ್ಲಭವಲ್ಲ. ವಿಂಡೋಸ್ 10 ಮತ್ತು 11ರ ಸ್ಥಾಪನಾ ಪ್ರತಿಯನ್ನು ಮೈಕ್ರೋಸಾಫ್ಟ್‌ನಿಂದಲೇ ಇಳಿಸಿಕೊಳ್ಳಬಹುದು. ಪರವಾನಗಿಯ ಕೀಲಿ ಹೋಗುತ್ತದೆಂಬ ಭಯವೂ ಈಗ ಬೇಡ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ, ವಿಂಡೋಸ್ ಸಹಿತ ಮಾರುವ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿ ಮುಖ್ಯ ಫಲಕದ ಸ್ಥಿರ ಸ್ಮೃತಿಯಲ್ಲೇ ಇರುತ್ತದೆ, ಡಿಸ್ಕಿನಲ್ಲಲ್ಲ. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ತಳಭಾಗಕ್ಕೆ ಅಂಟಿಸಿದ ಚೀಟಿಯಲ್ಲಿ 25 ಅಕ್ಷರಗಳ ಕೀಲಿ ಇರುತ್ತಿತ್ತು, ಶಾಖಕ್ಕೂ ಉಜ್ಜಾಟಕ್ಕೂ ಮಾಸಿಹೋಗುತ್ತಿತ್ತು.

ನಿಜವಾಗಿ ಕಾಡುವುದು ಡ್ರೈವರ್‌ಗಳು, ಅಂದರೆ ಆಯಾ ಯಂತ್ರಾಂಶವನ್ನು ನಡೆಸುವ ತಂತ್ರಾಂಶಗಳು. ವಿಂಡೋಸನ್ನು ಹೊಸದಾಗಿ ಹಾಕಿದಿರಿ, ವೈ-ಫೈ ಕೆಲಸ ಮಾಡುತ್ತಿಲ್ಲ. ಅದರ ಡ್ರೈವರ್ ಅಂತರ್ಜಾಲದಲ್ಲಿದೆ. ಅಂತರ್ಜಾಲಕ್ಕೆ ಹೋಗಲು ವೈ-ಫೈ ಬೇಕು. ಹಲವು ಲ್ಯಾಪ್‌ಟಾಪುಗಳಲ್ಲಿ ತಂತಿ ಜೋಡಿಸುವ ಕಿಂಡಿಯೂ ಇಲ್ಲ. ಇನ್ನೂ ಕಷ್ಟದ ಉದಾಹರಣೆ, 2020ರಲ್ಲಿ ಬಂದ ಇಂಟೆಲ್‌ನ 11ನೇ ತಲೆಮಾರಿನ ಸಂಸ್ಕಾರಕಗಳಿರುವ ಅನೇಕ ಯಂತ್ರಗಳದು. ಅವುಗಳಲ್ಲಿ ವಿ.ಎಂ.ಡಿ. ಎಂಬ ವ್ಯವಸ್ಥೆ ಚಾಲನೆಯಲ್ಲಿದ್ದರೆ ವಿಂಡೋಸ್ ಸ್ಥಾಪಿಸುವ ಪೆನ್ ಡ್ರೈವ್‌ಗೆ ಎಸ್.ಎಸ್.ಡಿ.ಯೇ ಕಾಣದಿರಬಹುದು. ಇಂಟೆಲ್‌ನ ಡ್ರೈವರನ್ನು ಮೊದಲೇ ತಂದಿಟ್ಟುಕೊಂಡು ನಡುವೆ ತುಂಬಬೇಕು. ಇದು ತಿಳಿಯದೆ ಡಿಸ್ಕೇ ಸತ್ತಿತೆಂದು ಅಂಗಡಿಗೆ ಒಯ್ದವರನ್ನು ಕಂಡಿದ್ದೇನೆ. ಕಾರ್ಖಾನೆಯ ಪ್ರತಿಯಲ್ಲಿ ಈ ಡ್ರೈವರ್‌ಗಳೆಲ್ಲ ಮೊದಲೇ ಸೇರಿರುತ್ತವೆ. ಪಟ್ಟಣದಿಂದ ದೂರದ ಕಾಲೇಜಿನಲ್ಲಿ, ನಿಧಾನ ಅಂತರ್ಜಾಲದಲ್ಲಿ ಕೆಲಸ ಮಾಡುವ ಅಧ್ಯಾಪಕರಿಗೆ ಇದು ಸಣ್ಣ ಸಂಗತಿಯಲ್ಲ. 2020ರ ಮೇ ತಿಂಗಳಿನ ಆವೃತ್ತಿಯಿಂದ ವಿಂಡೋಸ್ 10ನ್ನು ಅಂತರ್ಜಾಲದಿಂದಲೇ ಇಳಿಸಿಕೊಂಡು ಮರುಸ್ಥಾಪಿಸುವ ಸೌಲಭ್ಯ ಬಂದಿದೆ ನಿಜ, ಆದರೆ ಅದಕ್ಕೆ ಸುಮಾರು 4 ಗಿಗಾಬೈಟ್ ಇಳಿಸಬೇಕು.

ಇದರ ಎದುರಿಗೆ ಇಡಬೇಕಾದ ಇನ್ನೊಂದು ಅಂಶ ಕಾಲ. ಕಾರ್ಖಾನೆಯ ಪ್ರತಿ ಹೆಪ್ಪುಗಟ್ಟಿದ ವಸ್ತು, ಅದು ಬೆಳೆಯುವುದಿಲ್ಲ. 2010ರ ಲ್ಯಾಪ್‌ಟಾಪು ಮರಳಿಸುವುದು ವಿಂಡೋಸ್ 7ಕ್ಕೆ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ರಂದು ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ 2017ರಲ್ಲಿ ಕೊಂಡ ಯಂತ್ರದ ರಿಕವರಿ ವಿಭಾಗ ನಿಮ್ಮನ್ನು ಒಯ್ದು ನಿಲ್ಲಿಸುವುದು ಆ ವರ್ಷದ, ಭದ್ರತಾ ತಿದ್ದುಪಡಿಗಳಿಲ್ಲದ ವಿಂಡೋಸ್ 10ರ ಬಳಿ. ಹೊಸ ಯಂತ್ರದಲ್ಲಿ ಆ ವಿಭಾಗದ ಬೆಲೆ ಅತ್ಯಧಿಕ. ವರ್ಷದಿಂದ ವರ್ಷಕ್ಕೆ ಕ್ಷಯಿಸುತ್ತದೆ. ಯಂತ್ರ ಹಳೆಯದಾದಂತೆ ಡಿಸ್ಕು ಕೆಡುವ ಸಂಭವ ಏರುತ್ತದೆ. ವಿಮೆ ಹೆಚ್ಚು ಬೇಕಾಗುವ ಹೊತ್ತಿಗೆ ಅದರ ಮೌಲ್ಯ ಕುಸಿದಿರುತ್ತದೆ.

ಇಲ್ಲಿಯವರೆಗೆ ರಿಕವರಿ ವಿಭಾಗ ಒಂದೇ ಎಂಬಂತೆ ಬರೆದೆ. ಇಂದಿನ ಹಲವು ಲ್ಯಾಪ್‌ಟಾಪುಗಳಲ್ಲಿ ಎರಡು ಇರುತ್ತವೆ, ಅಪಾಯ ಇರುವುದು ಅವುಗಳನ್ನು ಗುರುತಿಸದೆ ಇರುವುದರಲ್ಲಿ. ಹತ್ತಿಪ್ಪತ್ತು ಗಿಗಾಬೈಟ್‌ನದು ತಯಾರಕರ ಕಾರ್ಖಾನೆ ಪ್ರತಿ. ಇನ್ನೊಂದು 500 ಮೆಗಾಬೈಟ್‌ನಿಂದ ಒಂದು ಗಿಗಾಬೈಟ್‌ನಷ್ಟು ಇರುವ ಚಿಕ್ಕದು. ಅದು ವಿಂಡೋಸ್‌ನ ಸ್ವಂತ ದುರಸ್ತಿ ಪರಿಸರ, ವಿನ್‌ಆರ್‌ಇ. ವಿಂಡೋಸ್ ಆರಂಭವಾಗದಿದ್ದಾಗ ಬರುವ ನೀಲಿ ಪರದೆಯ ದುರಸ್ತಿ ಆಯ್ಕೆಗಳು, ಕಡತಗಳನ್ನು ಉಳಿಸಿಕೊಂಡೇ ವಿಂಡೋಸನ್ನು ಮರುಸ್ಥಾಪಿಸುವ ದಾರಿ, ಎಲ್ಲವೂ ಇಲ್ಲಿಂದ. ಇದನ್ನು ಅಳಿಸಿದರೆ ಸಿಗುವ ಜಾಗ ಒಂದು ಚಲನಚಿತ್ರಕ್ಕೂ ಸಾಲದು. ಇವೆರಡಲ್ಲದೆ 100 ಅಥವಾ 260 ಮೆಗಾಬೈಟ್‌ನ ಇ.ಎಫ್.ಐ. ವಿಭಾಗವೂ ಇರುತ್ತದೆ. ಅದನ್ನು ಅಳಿಸಿದವನ ಯಂತ್ರ ಮರುದಿನ ಏಳುವುದೇ ಇಲ್ಲ.

ಚಿಕ್ಕ ವಿಭಾಗವೂ ಜೀವಂತ ವಸ್ತು ಎಂಬುದಕ್ಕೆ 2024ರ ಜನವರಿಯಲ್ಲಿ ಒಳ್ಳೆಯ ನಿದರ್ಶನ ದೊರೆಯಿತು. ಡಿಸ್ಕಿನ ಗೂಢಲಿಪಿ ರಕ್ಷಣೆಯಾದ ಬಿಟ್‌ಲಾಕರನ್ನು ದಾಟಿಹೋಗಬಹುದಾದ ದೋಷವೊಂದನ್ನು ಸರಿಪಡಿಸಲು ಮೈಕ್ರೋಸಾಫ್ಟ್ ವಿನ್‌ಆರ್‌ಇಗೆ ಒಂದು ತಿದ್ದುಪಡಿ ಹೊರಡಿಸಿತು. ಅಸಂಖ್ಯ ಯಂತ್ರಗಳಲ್ಲಿ ಆ ವಿಭಾಗದಲ್ಲಿ ಜಾಗ ಸಾಲದೆ ತಿದ್ದುಪಡಿ ವಿಫಲವಾಯಿತು. ವಿಭಾಗವನ್ನು 250 ಮೆಗಾಬೈಟ್ ಹಿಗ್ಗಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ ಸೂಚಿಸಿತು, ಆದೇಶಗಳನ್ನು ಒಂದೊಂದಾಗಿ ಟೈಪಿಸುವ ವಿಧಾನವನ್ನೂ ಕೊಟ್ಟಿತು. ಮನೆಬಳಕೆಯವರ ಕೈಗೆ ಇಂಥ ಶಸ್ತ್ರಚಿಕಿತ್ಸೆಯನ್ನು ಕೊಡುವುದು ಎಷ್ಟು ಸರಿ ಎಂದು ಕೇಳಲೇಬೇಕು. ಒಂದು ಅಂಕಿ ತಪ್ಪಿದರೆ ಹೋಗುವುದು ಬೇರೊಂದು ವಿಭಾಗ.

ಇನ್ನು ನಿಮ್ಮ ಯಂತ್ರದ ವಿಷಯ. 500 ಗಿಗಾಬೈಟ್ ಅಥವಾ ಅದಕ್ಕಿಂತ ದೊಡ್ಡ ಡಿಸ್ಕು ಇದ್ದು, ಯಂತ್ರ ಎರಡು ಮೂರು ವರ್ಷದೊಳಗಿನದಾದರೆ ದೊಡ್ಡ ವಿಭಾಗವನ್ನೂ ತೆಗೆಯುವ ಅಗತ್ಯ ನನಗೆ ಕಾಣದು. 128 ಅಥವಾ 256ರ ಎಸ್.ಎಸ್.ಡಿ. ತುಂಬಿ ತುಳುಕುತ್ತಿದ್ದರೆ ತೆಗೆಯಬಹುದು, ಆದರೆ ಸ್ವತಂತ್ರ ಪ್ರತಿ ಕೈಯಲ್ಲಿದ್ದ ಮೇಲೆ. ತಯಾರಕರ ತಂತ್ರಾಂಶದಿಂದ, ಇಲ್ಲವೆ ವಿಂಡೋಸ್‌ನ ‘ರಿಕವರಿ ಡ್ರೈವ್’ ಸೌಲಭ್ಯದಿಂದ 32 ಗಿಗಾಬೈಟ್‌ನ ಪೆನ್ ಡ್ರೈವ್‌ನಲ್ಲಿ ಪ್ರತಿ ಮಾಡಿಕೊಳ್ಳಿ. ಎರಡನೆಯದು ಕೊಡುವುದು ವಿಂಡೋಸನ್ನು. ತಯಾರಕರ ಪೂರ್ತಿ ಪ್ರತಿ ಅದರಲ್ಲಿ ಸೇರಿರಬೇಕೆಂದೇನೂ ಇಲ್ಲ. ಡೆಲ್, ಲೆನೊವೊ, ಎಚ್.ಪಿ. ಕಂಪನಿಗಳು ಯಂತ್ರದ ಕ್ರಮಸಂಖ್ಯೆ ಅಥವಾ ಮಾದರಿಯ ಮೇಲೆ ಕಾರ್ಖಾನೆ ಪ್ರತಿಯನ್ನು ಇಳಿಸಿಕೊಳ್ಳಲು ಬಿಡುತ್ತವೆ. ಎಲ್ಲ ಹಳೆಯ ಮಾದರಿಗಳಿಗೂ ಅದು ಸಿಗುತ್ತದೆಂದು ನೆಚ್ಚಬೇಡಿ. ಡ್ರೈವರ್‌ಗಳನ್ನು ಬೇರೊಂದು ಕಡತಕೋಶಕ್ಕೆ ನಕಲಿಸಿಕೊಳ್ಳಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ.

ಆಮೇಲೆ ಬಹುತೇಕರು ಬಿಟ್ಟುಬಿಡುವ ಹೆಜ್ಜೆಯೊಂದಿದೆ: ಆ ಪೆನ್ ಡ್ರೈವ್‌ನಿಂದ ಯಂತ್ರವನ್ನು ನಿಜಕ್ಕೂ ಆರಂಭಿಸಿ ನೋಡುವುದು. ಮೊದಲ ಪರದೆ ಬಂದರೆ ಸಾಕು, ಮುಂದೆ ಹೋಗದೆ ನಿಲ್ಲಿಸಬಹುದು. ಪರೀಕ್ಷಿಸದ ಪ್ರತಿ ಮಾಪನಾಂಕ ನಿರ್ಣಯವಾಗದ ಉಪಕರಣದಂತೆ. ಇದೆ ಎನ್ನಬಹುದು, ನಂಬಲಾಗದು. ಪೆನ್ ಡ್ರೈವ್ ಮಾಹಿತಿಯನ್ನು ಹಿಡಿದಿಡುವುದು ನಿರೋಧಕದೊಳಗೆ ಸೆರೆಸಿಕ್ಕ ವಿದ್ಯುದಾವೇಶದ ರೂಪದಲ್ಲಿ. ವರ್ಷಗಳಲ್ಲಿ ಅದು ಸೋರುತ್ತದೆ, ಸೆಕೆಗಾಲದಲ್ಲಿ ಇನ್ನೂ ಬೇಗ. ಬೀರುವಿನಲ್ಲಿಟ್ಟು ಮರೆತು ಐದು ವರ್ಷದ ಮೇಲೆ ತೆಗೆಯುವುದಕ್ಕಿಂತ ವರ್ಷಕ್ಕೊಮ್ಮೆ ಜೋಡಿಸಿ ನೋಡುವುದು ಲೇಸು.

ತೆಗೆದ ಮೇಲೆ ಸಿಕ್ಕ ಜಾಗ ಸಿ ಡ್ರೈವ್‌ಗೆ ಸೇರುತ್ತದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ವಿಂಡೋಸ್‌ನ ಉಪಕರಣ ಬಲಕ್ಕೆ ತಾಗಿಕೊಂಡೇ ಇರುವ ಖಾಲಿ ಜಾಗವನ್ನು ಮಾತ್ರ ಸೇರಿಸಿಕೊಳ್ಳಬಲ್ಲದು. ನಡುವೆ ಚಿಕ್ಕ ವಿನ್‌ಆರ್‌ಇ ಇದ್ದರೆ ಆ ಹದಿನೈದು ಗಿಗಾಬೈಟ್ ಪ್ರತ್ಯೇಕ ಡ್ರೈವ್ ಆಗಿ ಉಳಿಯುತ್ತದೆ. ದಾರಿ ಸಿಗಲೆಂದು ಚಿಕ್ಕದನ್ನೂ ಅಳಿಸುವ ಆಸೆ ಹುಟ್ಟುವುದು ಆಗಲೇ. ಅದಕ್ಕೆ ಮಣಿಯದೆ, ಆ ಪ್ರತ್ಯೇಕ ಡ್ರೈವ್‌ನಲ್ಲಿ ಪುಸ್ತಕಗಳನ್ನೋ ಚಿತ್ರಗಳನ್ನೋ ಇಟ್ಟುಕೊಳ್ಳಿ.

ಅಕಸ್ಮಾತ್ ತಪ್ಪು ವಿಭಾಗವನ್ನು ಅಳಿಸಿದರೆ ಗಾಬರಿಯಾಗದೆ ಯಂತ್ರದ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಅಳಿದದ್ದು ಕೋಷ್ಟಕದ ಒಂದು ನಮೂದು ಮಾತ್ರ. ತಿರುಗುವ ಡಿಸ್ಕಿನಲ್ಲಿ ಮೇಲೆ ಬೇರೇನೂ ಬರೆಯುವವರೆಗೆ ದತ್ತಾಂಶ ಹಾಗೆಯೇ ಇರುತ್ತದೆ. ಕ್ರಿಸ್ತೋಫ್ ಗ್ರೆನಿಯೆ ಎಂಬುವರು ಬರೆದ, ಉಚಿತವಾಗಿ ಸಿಗುವ ‘ಟೆಸ್ಟ್‌ಡಿಸ್ಕ್’ ತಂತ್ರಾಂಶ ಇಂಥ ಕಳೆದುಹೋದ ವಿಭಾಗಗಳನ್ನು ಹುಡುಕಿ ನಮೂದನ್ನು ಮತ್ತೆ ಬರೆಯಬಲ್ಲದು. ಎಸ್.ಎಸ್.ಡಿ.ಯಲ್ಲಿ ಅಷ್ಟು ಬಿಡುವಿಲ್ಲ. ಖಾಲಿ ಜಾಗವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ಅಥವಾ ಸಿ ಡ್ರೈವ್‌ಗೆ ಸೇರಿಸಿದರೆ, ವಿಂಡೋಸ್ ‘ಟ್ರಿಮ್’ ಆದೇಶದ ಮೂಲಕ ಆ ಕೋಶಗಳು ಬೇಡವೆಂದು ತಿಳಿಸುತ್ತದೆ. ಎಸ್.ಎಸ್.ಡಿ. ತನ್ನ ಬಿಡುವಿನಲ್ಲಿ ಅವನ್ನು ಒರೆಸಿಹಾಕುತ್ತದೆ. ಆ ಮೇಲೆ ಯಾವ ತಂತ್ರಾಂಶಕ್ಕೂ ಹುಡುಕಲು ಏನೂ ಉಳಿದಿರುವುದಿಲ್ಲ.